ಐದು-ನಾಲ್ಕರ ಬೀಳ್ಕೊಡುಗೆ

ನಮ್ಮೂರಲ್ಲಿ ಬೆಳಗ್ಗೆ ಬಾಗಿಲು ತೆಗೆದವರು ಎದುರುಮನೆಯವರನ್ನು ಕೇಳುವ ಮೊದಲ ಮಾತು, ‘ಇವತ್ತು ಯಾವ್ದು ಹತ್ತಿದೆ?’ ಪುರಸಭೆಯ ಹಿಂದಿನ ಕೋಣೆಯಲ್ಲಿ ಊರಿನ ಕಂಪ್ಯೂಟರ್ ಇದೆ, ಲಿನಕ್ಸ್ ಕಂಪ್ಯೂಟರ್. ಅದರ ಹೊಟ್ಟೆಯಲ್ಲಿ ಮೂರು ಕರ್ನಲ್ ಇಟ್ಟಿದ್ದಾರೆ. ಒಂದು ಐದು-ನಾಲ್ಕು, ಇನ್ನೊಂದು ಐದು-ಹದಿನೈದು, ಮತ್ತೊಂದು ಆರು-ಎಂಟು. ಕರ್ನಲ್ ಅಂದರೆ ಯಂತ್ರಕ್ಕೆ ಜೀವ ಕೊಡುವ ತಿರುಳು. ಎಷ್ಟೇ ಇಟ್ಟುಕೊಂಡರೂ ಓಡುವುದು ಒಂದೇ. ಆಪರೇಟರ್ ಕೊಟ್ರೇಶಿ ಬೆಳಗ್ಗೆ ಬಂದು ಗುಂಡಿ ಒತ್ತಿದಾಗ ಪರದೆಯ ಮೇಲೆ ಮೂರರ ಹೆಸರೂ ಬರುತ್ತದೆ. ಅವನು ಆಕಳಿಸುತ್ತ ಒಂದನ್ನು ಆರಿಸುತ್ತಾನೆ. ಆವತ್ತು ಊರು ಅದರಂತೆ ನಡೆಯುತ್ತದೆ.

ಆರು-ಎಂಟು ಓಡುವ ದಿನ ನಲ್ಲಿಯಲ್ಲಿ ನೀರು ಜೋರು, ಫೋನು ಚುರುಕು, ಆದರೆ ಸಾರಿಗೆ ಎಷ್ಟು ಉಪ್ಪು ಹಾಕಿದರೂ ನಾಲಿಗೆಗೆ ಹತ್ತುವುದಿಲ್ಲ. ಐದು-ಹದಿನೈದು ಓಡುವ ದಿನ ಉಪ್ಪು ಉಪ್ಪಾಗಿರುತ್ತದೆ, ವೃತ್ತದ ಕಾರಂಜಿ ಬಣ್ಣಬಣ್ಣವಾಗಿ ಏಳುತ್ತದೆ, ಊರಿನ ಗಡಿಯಾರಗಳು ಮಾತ್ರ ಹಿಂದಕ್ಕೆ ತಿರುಗುತ್ತವೆ. ಐದು-ನಾಲ್ಕು ಎಲ್ಲಕ್ಕಿಂತ ಹಳೆಯದು, ಅದಕ್ಕೇ ಜನ ಅದನ್ನು ಅಜ್ಜ ಅನ್ನುತ್ತಾರೆ. ಅಜ್ಜ ಓಡುವ ದಿನ ಸ್ಕೂಟರುಗಳು ಕೆಮ್ಮಿ ಕೆಮ್ಮಿ ಕೂರುತ್ತವೆ, ಮೈಕು ಕಿರುಚುತ್ತದೆ, ಅಂಗಡಿಯ ತಕ್ಕಡಿ ಯಾರ ಮಾತನ್ನೂ ಕೇಳದೆ ಸರಿಯಾಗಿ ತೂಗುತ್ತದೆ. ಆ ಒಂದು ಕಾರಣಕ್ಕೇ ವರ್ತಕರಿಗೆ ಅಜ್ಜನ ಮೇಲೆ ಎಂದಿನಿಂದಲೂ ಸಿಟ್ಟು.

ಹೊಸದೊಂದನ್ನೇ ಇಟ್ಟುಕೊಂಡರೆ ಸಾಲದೇ ಎಂದು ನೆಂಟರು ಕೇಳುವುದುಂಟು. ಆರು-ಎಂಟು ಬಂದ ಮೊದಲ ದಿನ ಊರಿನ ಒಂದು ಬಾಗಿಲೂ ತೆರೆದುಕೊಳ್ಳಲಿಲ್ಲ. ಕೊಟ್ರೇಶಿ ಕಿಟಕಿಯಿಂದ ಕಂಪ್ಯೂಟರ್ ಕೋಣೆಯೊಳಗೆ ಇಳಿದು ಅಜ್ಜನನ್ನು ಹತ್ತಿಸಿದ ಮೇಲೆಯೇ ಜನ ಹೊರಗೆ ಬಂದದ್ದು. ಹೊಸದು ಕೈಕೊಟ್ಟರೆ ಹಳೆಯದು ಇರಲಿ ಎಂಬ ಬುದ್ಧಿ ಆವತ್ತು ಬಂತು. ಬುದ್ಧಿ ಬಂದ ಮೇಲೆ ಜಗಳವೂ ಬಂತು. ಯಾರಿಗೆ ಯಾವುದು ಹಿಡಿಸುತ್ತದೋ ಅದನ್ನೇ ದಿನಾ ಹತ್ತಿಸಬೇಕು ಎಂದು ಜನ ಬೆಳಗಾದರೆ ಕೊಟ್ರೇಶಿಯ ಮನೆ ಮುಂದೆ ನಿಲ್ಲತೊಡಗಿದರು. ಕೊನೆಗೆ ಪುರಸಭೆಯವರು ವಾರವನ್ನು ಹಂಚಿದರು. ಶುಕ್ರವಾರ ಸಂತೆಗೆ ಬಂದವರು ಕಾರಂಜಿ ನೋಡಲಿ ಎಂದು ಐದು-ಹದಿನೈದು. ಮಂಗಳವಾರ ಹೇಗೂ ಯಾರೂ ಒಳ್ಳೆಯ ಕೆಲಸ ಶುರುಮಾಡುವುದಿಲ್ಲವಾದ್ದರಿಂದ ಅದು ಅಜ್ಜನ ಪಾಲಿಗೆ. ಉಳಿದದ್ದೆಲ್ಲ ಆರು-ಎಂಟಕ್ಕೆ.

ನಾನು ಪುರಸಭೆಯ ಎದುರು ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದೇನೆ. ಹಾಲಮ್ಮ ಎಂದರೆ ಊರಿಗೆಲ್ಲ ಗೊತ್ತು. ನನ್ನದು ಇದ್ದಿಲಿನ ಇಸ್ತ್ರಿಪೆಟ್ಟಿಗೆ, ಅದಕ್ಕೆ ಯಾವ ಕರ್ನಲ್ಲಿನ ಹಂಗೂ ಇಲ್ಲ. ನನ್ನ ಗಂಡನಿಗೂ ಇಲ್ಲ. ಊರಲ್ಲಿ ಯಾವುದು ಹತ್ತಿದರೂ ಕೆಲಸ ಮಾಡದ ವಸ್ತು ಅಂತಿದ್ದರೆ ಅದು ಅವನೊಬ್ಬನೇ. ಇಬ್ಬರ ಅನ್ನವೂ ಮಗಳ ಅನ್ನವೂ ಈ ಗಾಡಿಯಿಂದಲೇ ಬರಬೇಕು. ಆದರೂ ಮಂಗಳವಾರ ನಾನು ಗಾಡಿ ಹೂಡುವುದಿಲ್ಲ. ಮಂಗಳವಾರ ನನ್ನ ಮಗಳು ದಾಕ್ಷಿ ಮಾತಾಡುತ್ತಾಳೆ.

ಮಿಕ್ಕ ದಿನ ಅವಳ ತುಟಿ ಅಲ್ಲಾಡುತ್ತದೆ, ಗಂಟಲ ನರ ಉಬ್ಬುತ್ತದೆ, ದನಿ ಬರುವುದಿಲ್ಲ. ಬಿದ್ದರೂ ದನಿಯಿಲ್ಲ, ನಕ್ಕರೂ ದನಿಯಿಲ್ಲ. ಮಂಗಳವಾರ ಕೊಟ್ರೇಶಿ ಅಜ್ಜನನ್ನು ಹತ್ತಿಸಿದ ಕ್ಷಣದಿಂದ ಮಳೆ ಹುಯ್ದಂತೆ ಸುರು. ಒಂದು ಮಂಗಳವಾರ ಹಲ್ಲುಜ್ಜುತ್ತಿದ್ದವಳು ಬುರುಬುರು ನೊರೆಯ ನಡುವೆಯೇ ಜೋರಾಗಿ ಅಳತೊಡಗಿದಳು. ಗಾಬರಿಯಾಗಿ ಏನಾಯ್ತೇ ಎಂದರೆ, ‘ಗುರುವಾರ ನೀನು ನಂಗೆ ಹೊಡೆದೆಯಲ್ಲ, ಅದಕ್ಕೆ ಈಗ ಅಳ್ತಿದೀನಿ. ಸುಮ್ನಿರು’ ಎಂದಳು. ವಾರದ ಸಿಟ್ಟು, ವಾರದ ಚಾಡಿ, ವಾರದ ಪ್ರಶ್ನೆ ಎಲ್ಲ ಕೂಡಿಟ್ಟುಕೊಂಡು ಒಂದೇ ದಿನದಲ್ಲಿ ಖರ್ಚು ಮಾಡಬೇಕು ಪಾಪ. ಶಾಲೆಯಲ್ಲಿ ಓದಿ ಹೇಳುವ ಪರೀಕ್ಷೆ ಬುಧವಾರ ಇಡುತ್ತಾರೆ, ಅವಳಿಗೆ ಸೊನ್ನೆ ಹಾಕುತ್ತಾರೆ. ಮಂಗಳವಾರ ಇಡಿ ಮೇಷ್ಟ್ರೇ ಎಂದು ಕೇಳಿದೆ. ‘ಮಂಗಳವಾರ ನಮ್ಮ ಬೆಲ್ಲು ಹೊಡ್ಕೊಳ್ಳಲ್ಲ ಕಣಮ್ಮ. ಬೆಲ್ಲಿಲ್ದೆ ಪರೀಕ್ಷೆ ಹೆಂಗೆ ಮುಗಿಸೋದು?’ ಎಂದರು. ಕಲಿತವರ ಕಷ್ಟ ನಮಗೆಲ್ಲಿ ತಿಳಿಯಬೇಕು.

ನಾನು ಗಾಡಿಯ ಹತ್ತಿರ ಇದ್ದಾಗ ದಾಕ್ಷಿಯನ್ನು ನೋಡಿಕೊಳ್ಳುವವಳು ಪಕ್ಕದ ಮನೆಯ ಗುತ್ಯಮ್ಮಜ್ಜಿ. ಕೌದಿ ಹೊಲಿಯುತ್ತಾಳೆ. ಅಜ್ಜಿಗೆ ಕಣ್ಣು ಕಾಣುವುದು ಐದು-ಹದಿನೈದರಲ್ಲಿ, ಅಂದರೆ ಶುಕ್ರವಾರ ಮಾತ್ರ. ಸಂತೆಯ ದಿನ ಊರೆಲ್ಲ ಕಾರಂಜಿ ಮುಂದೆ ಬಾಯಿ ಬಿಟ್ಟುಕೊಂಡು ನಿಂತಿದ್ದರೆ ಅವಳು ಮನೆ ಕಟ್ಟೆಯ ಮೇಲೆ ಕೂತು ವಾರಕ್ಕಾಗುವಷ್ಟು ಸೂಜಿಗೆ ದಾರ ಪೋಣಿಸಿ, ಬಟ್ಟೆ ತುಂಡುಗಳನ್ನು ಬಣ್ಣಕ್ಕೆ ಬಣ್ಣ ಹೊಂದಿಸಿ ಗಂಟು ಕಟ್ಟಿಡುತ್ತಾಳೆ. ಆಮೇಲೆ ವಾರವಿಡೀ ಬೆರಳಲ್ಲೇ ಹೊಲಿಯುತ್ತಾಳೆ. ಶುಕ್ರವಾರ ದಾಕ್ಷಿಯ ಮುಖ ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತಾಳೆ. ಮಂಗಳವಾರ ಅವಳ ಮಾತು ಕೇಳುತ್ತಾಳೆ. ‘ನಂಗೆ ಈ ಮಗು ಎರಡು ಕಂತಲ್ಲಿ ಸಿಕ್ಕೈತೆ’ ಎನ್ನುತ್ತಾಳೆ.

ಹೀಗಿರುವಾಗ ಪುರಸಭೆ ಅಧ್ಯಕ್ಷ ಪಂಚಾಕ್ಷರಪ್ಪ ಹೊಸ ಕರ್ನಲ್ ತರಿಸುವುದಾಗಿ ಊರ ತುಂಬ ಫ್ಲೆಕ್ಸ್ ಹಾಕಿಸಿದರು. ಫ್ಲೆಕ್ಸಿನಲ್ಲಿ ‘ಆರು-ಹದಿನಾಲ್ಕು’ ಎಂಬುದು ಸಾಸಿವೆ ಕಾಳಿನಷ್ಟಿತ್ತು, ಪಂಚಾಕ್ಷರಪ್ಪನವರ ಮುಖ ಕುಂಬಳಕಾಯಿಯಷ್ಟಿತ್ತು. ಕಂಪ್ಯೂಟರಿನಲ್ಲಿ ಮೂರಕ್ಕಿಂತ ಹೆಚ್ಚು ಇಡಲು ಜಾಗವಿಲ್ಲ. ಹೊಸದು ಬರಬೇಕಾದರೆ ಒಂದು ಹೋಗಬೇಕು. ಹೋಗುವುದು ಯಾವುದೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಗುತ್ಯಮ್ಮಜ್ಜಿ ನನ್ನ ಕೈ ಹುಡುಕಿ ಹಿಡಿದುಕೊಂಡಳು. ‘ನಂದು ನಡುವಿನದು ಕಣೇ ಹಾಲಿ. ನಡುವಿನವರ ತಂಟೆಗೆ ಯಾರೂ ಬರಲ್ಲ. ನಿಂದೇ ಚಿಂತೆ ನಂಗೆ. ಹೋಗಿ ಕೇಳು. ಅವನ ಜುಬ್ಬದ ಗೆರೆ ನೆಟ್ಟಗಿರೋದೇ ನಿನ್ನ ಕೈಯಿಂದ.’

ಇಸ್ತ್ರಿ ಮಾಡಿದ ಜುಬ್ಬಗಳನ್ನು ತೋಳ ಮೇಲೆ ಹಾಕಿಕೊಂಡು, ದಾಕ್ಷಿಯ ಕೈ ಹಿಡಿದುಕೊಂಡು ಅಧ್ಯಕ್ಷರ ಮನೆಗೆ ಹೋದೆ. ಕೊಟ್ರೇಶಿಯೂ ಅಲ್ಲೇ ಕೂತು ಚುರುಮುರಿ ತಿನ್ನುತ್ತಿದ್ದ.

‘ಅಧ್ಯಕ್ಷ್ರೇ, ಅಜ್ಜನ್ನ ತೆಗೀಬೇಡಿ’ ಎಂದೆ.

‘ಯಾವ ಅಜ್ಜ? ಯಾರು ಹೋದ್ರು?’

‘ಐದು-ನಾಲ್ಕು. ಮಂಗಳವಾರದ್ದು. ನನ್ನ ಮಗಳು ಅದ್ರಲ್ಲಿ ಮಾತ್ರ ಮಾತಾಡ್ತಾಳೆ.’

ಪಂಚಾಕ್ಷರಪ್ಪ ಜುಬ್ಬದ ಗೆರೆಯನ್ನು ಉಗುರಿನಲ್ಲಿ ಮುಟ್ಟಿ ನೋಡಿದರು. ‘ನೋಡವ್ವ ಹಾಲಮ್ಮ, ನಾನೂ ಹೆಣ್ಣುಮಕ್ಕಳ ತಂದೆ. ಹೆಣ್ಣುಮಗು ಮಾತು ಕಮ್ಮಿ ಆಡಿದ್ರೆ ಕೊಟ್ಟ ಮನೆಗೂ ಸುಖ, ಹುಟ್ಟಿದ ಮನೆಗೂ ಸುಖ. ಒಂದು ಗಂಟಲಿಗೋಸ್ಕರ ಊರು ಹಿಂದೆ ಬೀಳೋಕಾಗುತ್ತಾ? ಪಕ್ಕದೂರಿನೋರು ಆಗ್ಲೇ ಆರು-ಹದಿನಾರು ಅಂತ ಮೆರೀತಾವ್ರೆ.’

‘ಹೊಸದರಲ್ಲೂ ಅವಳು ಮಾತಾಡೋ ಹಂಗೆ ಮಾಡಿಸಿಕೊಡಿ ಹಂಗಾದ್ರೆ. ನಾನ್ಯಾಕೆ ಹಳೇದು ಕೇಳ್ಲಿ?’

‘ಅದನ್ನ ಕರ್ನಲ್ ಮಾಡೋ ಮೇಲಿನವರಿಗೆ ಬರ್ದಿದ್ದೀನಿ ಅಕ್ಕಾ’ ಎಂದ ಕೊಟ್ರೇಶಿ, ಹಲ್ಲಿಗೆ ಸಿಕ್ಕಿದ ಕಡಲೆಬೀಜ ಬಿಡಿಸಿಕೊಳ್ಳುತ್ತ. ‘ಉತ್ತರಾನೂ ಬಂತು. ನಮ್ಮ ಕಡೆ ಎಲ್ಲ ಮಕ್ಕಳೂ ಚೆನ್ನಾಗಿಯೇ ಮಾತಾಡುತ್ತಿವೆ, ನಿಮ್ಮ ಕಡೆ ಮಗುವನ್ನು ಒಮ್ಮೆ ಆರಿಸಿ ಮತ್ತೆ ಹತ್ತಿಸಿ ನೋಡಿ ಅಂದವ್ರೆ.’

ಅದು ಬುಧವಾರ. ದಾಕ್ಷಿ ಅವನ ಎದುರು ನಿಂತು ಏನೋ ಬಹಳ ಹೊತ್ತು ಹೇಳಿದಳು. ತುಟಿ ಓದಲು ನನಗೆ ಬರುತ್ತದೆ. ಬರೆಯುವಂಥ ಮಾತಲ್ಲ ಅದು. ಅಪ್ಪನಿಂದ ಕಲಿತಿರಬೇಕು.

ಇನ್ನು ಬೇಡಿ ಫಲವಿಲ್ಲ ಎನ್ನಿಸಿತು. ‘ಒಂದು ನಡೆಸಿಕೊಡಿ’ ಎಂದೆ. ‘ತೆಗೆಯೋ ದಿನ ಇಡೀ ಅಜ್ಜನೇ ಓಡ್ಲಿ. ಕೊನೇ ಗಳಿಗೆವರೆಗೂ ಮಗು ಮಾತಾಡ್ಕೊಂಡಿರ್ಲಿ. ಮನೆಯಿಂದ ಹೋಗೋರನ್ನ ಮಲಗಿದ್ದಾಗ ಕಳಿಸ್ತೀವಾ? ಎದುರಿಗೆ ಕೂರಿಸ್ಕೊಂಡು ತಾನೇ ಕಳಿಸೋದು?’

ಪಂಚಾಕ್ಷರಪ್ಪನವರ ಕಣ್ಣು ಅರಳಿದವು. ನಮ್ಮ ಅಧ್ಯಕ್ಷರಿಗೆ ಬೀಳ್ಕೊಡುಗೆ ಅಂದರೆ ಪ್ರಾಣ. ಕೆಟ್ಟುಹೋದ ರೋಡ್ ರೋಲರನ್ನು ಗುಜರಿಗೆ ಹಾಕುವಾಗಲೂ ಶಾಲು ಹೊದಿಸಿ, ಅದರ ಸೇವೆಯನ್ನು ಕೊಂಡಾಡಿ ಕಣ್ಣೊರೆಸಿಕೊಂಡವರು ಅವರು. ರಸ್ತೆ ಮಾತ್ರ ಯಾವತ್ತೂ ಆಗಲಿಲ್ಲ.

‘ಕೊಟ್ರೇಶಿ!’ ಎಂದು ತೊಡೆ ತಟ್ಟಿದರು. ‘ಹಾಲಮ್ಮ ಲಕ್ಷ ರೂಪಾಯಿ ಮಾತು ಹೇಳಿದ್ಲು. ಪೆಂಡಾಲ್ ಹಾಕ್ಸು. ಕಂಪ್ಯೂಟರ್ ವೇದಿಕೆ ಮೇಲೇ ಇರ್ಬೇಕು, ಐದು-ನಾಲ್ಕು ಓಡ್ತಾ ಇರ್ಬೇಕು, ಭಾಷಣ ಎಲ್ಲ ಮುಗಿದ ಮೇಲೆ ನಾನೇ ನನ್ನ ಕೈಯಾರೆ ಗುಂಡಿ ಒತ್ತಿ ತೆಗೀತೀನಿ. ಪ್ರಾರ್ಥನೆ ಈ ಮಗುದೇ.’

ಹೀಗೆ ಮಗಳ ದನಿಯ ತಿಥಿಗೆ ಮಗಳೇ ಪ್ರಾರ್ಥನೆ ಹಾಡುವುದು ಎಂದಾಯಿತು.

ಆ ಮಂಗಳವಾರ ವೇದಿಕೆಯ ಮೇಲೆ ಕಂಪ್ಯೂಟರಿಗೆ ಕುರ್ಚಿ ಹಾಕಿದ್ದರು. ಪರದೆಗೆ ಸೇವಂತಿಗೆ ಹಾರ, ತಲೆಗೆ ಜರಿಪೇಟ, ಬೆನ್ನಿಗೆ ಶಾಲು, ಪಕ್ಕದಲ್ಲಿ ಹಣ್ಣಿನ ಬುಟ್ಟಿ. ಮೈಕು ಎಂದಿನ ಮಂಗಳವಾರದಂತೆ ಕಿರುಚುತ್ತಿತ್ತು. ಒಬ್ಬರ ಭಾಷಣವೂ ಯಾರಿಗೂ ಅರ್ಥವಾಗಲಿಲ್ಲ, ಹಾಗಾಗಿ ಎಲ್ಲರೂ ಬಹಳ ಚೆನ್ನಾಗಿ ಮಾತಾಡಿದರು ಎಂದು ಜನ ಹೊಗಳಿದರು. ವರ್ಷಗಟ್ಟಲೆ ಅಜ್ಜನನ್ನು ಶಪಿಸಿದ್ದ ವರ್ತಕರೇ ಮುಂದೆ ನಿಂತು ಗದ್ಗದರಾದರು. ದಾಕ್ಷಿ ಮೈಕು ಬೇಡವೆಂದು ತಳ್ಳಿ ಬರೀ ಗಂಟಲಲ್ಲಿ ಹಾಡಿದಳು. ಊರು ಅಯ್ಯೋ ಪಾಪ ಎಂದಿತು. ಆಮೇಲೆ ಚಪ್ಪಾಳೆ ತಟ್ಟಿತು.

ಪಂಚಾಕ್ಷರಪ್ಪ ಎದ್ದು ಬಂದರು. ಹಳೆಯ ಕರ್ನಲ್ ತೆಗೆಯಲು ಕೊಟ್ರೇಶಿಗೆ ಬರುವುದು ಒಂದೇ ವಿದ್ಯೆ. ಬೇಡದ್ದನ್ನು ತೆಗಿ, ಏನು ಕೇಳಿದರೂ ಹೌದು ಅಂದುಕೋ ಎಂಬ ಒಂದು ಸಾಲಿನ ಆಜ್ಞೆ. ಅದನ್ನು ಅವನು ಮೊದಲೇ ಕುಟ್ಟಿಟ್ಟಿದ್ದ. ಅಧ್ಯಕ್ಷರು ಕ್ಯಾಮೆರಾ ಕಡೆ ಮುಖಮಾಡಿ ಬೆರಳು ಊರಿದರು. ಹಾರದ ಹಿಂದೆ ಪರದೆಯ ಮೇಲೆ ಸಾಲು ಸಾಲು ಏನೇನೋ ಓಡಿತು. ಸೇವಂತಿಗೆಯ ಸಂದಿಯಲ್ಲಿ ‘ಮುಗಿಯಿತು’ ಎಂಬುದಷ್ಟೇ ಕಾಣಿಸಿತು. ನಾನು ದಾಕ್ಷಿಯ ಕಡೆ ತಿರುಗಿದೆ.

‘ಹೋಗಿಲ್ಲ ಕಣಮ್ಮ ಇನ್ನೂ’ ಎಂದಳು.

‘ಓಡ್ತಿರೋವರೆಗೂ ಇರುತ್ತೆ ಅಕ್ಕಾ’ ಎಂದ ಕೊಟ್ರೇಶಿ. ‘ಸಂಜೆ ಆರಿಸ್ತೀನಿ. ನಾಳೆ ಹೊಸದು ಹತ್ತುತ್ತೆ.’

ಮನೆಗೆ ನಡೆಯುವಾಗ ದಾಕ್ಷಿ ದಾರಿಯುದ್ದಕ್ಕೂ ಬೋರ್ಡುಗಳನ್ನೆಲ್ಲ ಓದಿದಳು, ನಾಯಿಗಳನ್ನು ಹೆಸರು ಹಿಡಿದು ಕರೆದಳು. ಹೊಸಿಲ ಹತ್ತಿರ ನಿಂತು, ‘ನಾಳೆಯಿಂದ ನಂಗೆ ನಿನ್ನ ಮೇಲೆ ಸಿಟ್ಟು ಬಂದ್ರೆ ನಿಂಗೆ ಹೆಂಗಮ್ಮ ಗೊತ್ತಾಗುತ್ತೆ?’ ಎಂದು ಕೇಳಿದಳು. ಏನಾದರೂ ಎತ್ತಿ ಒಡೆದು ಹಾಕು ಎಂದೆ. ಆಗಲಿ ಎಂದಳು. ಅಷ್ಟರಲ್ಲಿ ಕಂಪ್ಯೂಟರ್ ಆರಿತು.

ಮರುದಿನ ಗಾಡಿಯಲ್ಲಿ ಇದ್ದಿಲಿಗೆ ಬೀಸಣಿಗೆ ಬೀಸುತ್ತಿದ್ದೆ, ದಾಕ್ಷಿ ಪಕ್ಕದಲ್ಲೇ ಇದ್ದಳು. ಕೊಟ್ರೇಶಿ ಪುರಸಭೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿಕೊಂಡು ಬಂದ.

‘ಹಾಲಮ್ಮಕ್ಕಾ, ಅಜ್ಜ ಇದ್ದಾನೆ! ಪರದೆ ಮೇಲಿನ ಪಟ್ಟೀಲಿ ಹಂಗೇ ಕೂತವ್ನೆ. ಆರು-ಹದಿನಾಲ್ಕು, ಆರು-ಎಂಟು, ಐದು-ನಾಲ್ಕು!’

ಬೀಸಣಿಗೆ ಕೈಯಿಂದ ಬಿತ್ತು. ‘ಮತ್ತೆ ಹೋಗಿದ್ದು ಯಾವ್ದೋ?’

‘ನಡುವಿನದು, ಐದು-ಹದಿನೈದು. ಓಡ್ತಾ ಇರೋದನ್ನ ಆ ಆಜ್ಞೆ ತೆಗೆಯಲ್ಲ ಕಣಕ್ಕ. ಕೂತ ಕೊಂಬೇನ ಯಾರಾದ್ರೂ ಕಡೀತಾರಾ? ಆವಾಗ ಇದ್ದಿದ್ರಲ್ಲಿ ಎಲ್ಲಕ್ಕಿಂತ ಹೊಸದು ಆರು-ಎಂಟು, ಅದನ್ನೂ ಮುಟ್ಟಲ್ಲ. ಉಳಿದಿದ್ದು ಅದೊಂದೇ ನೋಡು. ಅಧ್ಯಕ್ಷ್ರು ಅಜ್ಜನ್ನ ವೇದಿಕೆ ಮೇಲೆ ಓಡಿಸ್ಕೊಂಡೇ ತೆಗೀತೀನಿ ಅಂದ್ರಲ್ಲ.’

‘ಕಂಪ್ಯೂಟರ್ರು ಮೊದ್ಲೇ ಹೇಳಲಿಲ್ವಾ ನಿಂಗೆ?’

‘ಪರದೆ ಮೇಲೆ ಬಂದಿತ್ತು ಅಂತ ಕಾಣುತ್ತೆ. ಮೇಲೆ ಹಾರ ಇತ್ತಲ್ಲ.’

ನನಗೆ ನಗು ಬಂತು, ಅಳುವೂ ಬಂತು. ದಾಕ್ಷಿಯನ್ನು ಎತ್ತಿಕೊಂಡು ಗಾಡಿಯ ಸುತ್ತ ಕುಣಿದೆ. ಗುತ್ಯಮ್ಮಜ್ಜಿಯ ನೆನಪು ನನಗೆ ಆವತ್ತೆಲ್ಲ ಬರಲಿಲ್ಲ.

ಪಂಚಾಕ್ಷರಪ್ಪನವರು ಮೊದಲು ಕೊಟ್ರೇಶಿಯ ಮೇಲೆ ಹಾರಾಡಿದರಂತೆ, ನನ್ನ ಕಾರಂಜಿ ಎಲ್ಲೋ ಎಂದು. ಶುಕ್ರವಾರ ಹೊಸ ಕರ್ನಲ್ ಹತ್ತಿಸಿದಾಗ ಕಾರಂಜಿ ಮೊದಲಿಗಿಂತ ಎರಡಾಳು ಎತ್ತರ ಚಿಮ್ಮಿತು, ಮೇಲೆ ಹೋಗಿ ಬಾಗಿ ನಮಸ್ಕಾರವನ್ನೂ ಮಾಡಿತು. ಅಧ್ಯಕ್ಷರ ಸಿಟ್ಟು ಇಳಿಯಿತು. ಸಂಜೆಯ ಹೊತ್ತಿಗೆ ಹೊಸ ಫ್ಲೆಕ್ಸ್ ಬಂತು: ‘ಹಿರಿಯರನ್ನು ಕೈಬಿಡದ ಊರು.’ ಅಜ್ಜನನ್ನು ಉಳಿಸಬೇಕೆಂದೇ ಅಧ್ಯಕ್ಷರು ಹೀಗೆ ಉಪಾಯ ಹೂಡಿದ್ದು ಎಂದು ಊರು ಹೇಳತೊಡಗಿತು. ಹೇಳಿಸಿದ್ದು ಯಾರು ಎಂದು ಕೇಳಬೇಡಿ.

ಅದೇ ಶುಕ್ರವಾರ ಬೆಳಗ್ಗೆ, ಬಿಸಿಲು ಕಟ್ಟೆಯ ಮೇಲೆ ಚೆನ್ನಾಗಿ ಬಿದ್ದಿತ್ತು. ಗುತ್ಯಮ್ಮಜ್ಜಿ ಬಟ್ಟೆಗಂಟು ಬಿಚ್ಚಿಕೊಂಡು, ಸೂಜಿಗಳ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದಳು.

‘ಹಾಲೀ,’ ಎಂದು ಕರೆದಳು. ‘ಕೊಟ್ರೇಶಿ ಇನ್ನೂ ಎದ್ದಿಲ್ವೇನೇ? ಕತ್ತಲೇ ಐತಲ್ಲ.’

‘ಎದ್ದಿರ್ಬೇಕು ಅಜ್ಜಿ. ನೋಡ್ತೀನಿ’ ಎಂದೆ.

ಕೊಟ್ರೇಶಿಯನ್ನು ಕೇಳಿದೆ. ‘ನಡುವಿನದನ್ನ ಮತ್ತೆ ತರಿಸೋದೇನು ದೊಡ್ಡ ಮಾತಲ್ಲ ಅಕ್ಕಾ, ಒಂದು ಹೊತ್ತಿನ ಕೆಲ್ಸ’ ಎಂದ. ‘ಜಾಗ ಮೂರಕ್ಕೇ ಇರೋದು. ಅಧ್ಯಕ್ಷ್ರ ಕಾರಂಜಿ ಹೊಸದರಲ್ಲಿದೆ, ನೀರು ಆರು-ಎಂಟರಲ್ಲಿದೆ. ಅಜ್ಜನ್ನ ತೆಗೆದ್ರೆ ನಡುವಿನದು ಬರುತ್ತೆ. ಅಜ್ಜಿ ಒಂದು ಮಾತು ಕೇಳಿದ್ರೂ ಸಾಕು, ಅಧ್ಯಕ್ಷ್ರು ಇನ್ನೊಂದು ಬೀಳ್ಕೊಡುಗೆ ಸಿಕ್ತು ಅಂತ ಕುಣೀತಾರೆ. ಏನ್ಮಾಡ್ಲಿ, ಹೇಳು?’

ಗಾಡಿಯ ಇನ್ನೊಂದು ಬದಿಯಲ್ಲಿ ದಾಕ್ಷಿ ಮಡಚಿದ ಬಟ್ಟೆಗಳನ್ನು ಜೋಡಿಸುತ್ತಿದ್ದಳು. ಕೈ ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು.

‘ಯೋಚ್ನೆ ಮಾಡಿ ಹೇಳ್ತೀನಿ’ ಎಂದೆ.

ಯೋಚನೆ ಮಾಡಲು ನನಗೆ ಪುರುಸೊತ್ತಾಗಲಿಲ್ಲ. ಸಂತೆ ಮುಗಿದ ಮೇಲೆ ಬಟ್ಟೆ ಹೆಚ್ಚು ಬರುತ್ತವೆ. ಗುತ್ಯಮ್ಮಜ್ಜಿಗೆ, ಹೊಸದು ಇನ್ನೂ ಸರಿಯಾಗಿ ಕೂತಿಲ್ಲವಂತೆ ಎಂದು ಹೇಳಿಟ್ಟೆ. ‘ಕೂರ್ಲಿ ಬಿಡು, ಅದಕ್ಕೇನವಸರ’ ಎಂದಳು. ಅವಳು ಊರನ್ನು ನಂಬುವವಳು.

ಮುಂದಿನ ಮಂಗಳವಾರಕ್ಕೆ ಅಧ್ಯಕ್ಷರು ಕೃತಜ್ಞತಾ ಸಮಾರಂಭ ಇಟ್ಟರು. ಅವರಿಗೆ ಅವರೇ ಕೃತಜ್ಞತೆ ಹೇಳಿಕೊಂಡರೆ ಚೆನ್ನಾಗಿರುವುದಿಲ್ಲವೆಂದು ದಾಕ್ಷಿಯಿಂದ ಹೇಳಿಸುವುದೆಂದಾಯಿತು. ಮೇಷ್ಟ್ರು ನಾಲ್ಕು ಸಾಲು ಬರೆದುಕೊಟ್ಟರು, ನಾನು ಬಾಯಿಪಾಠ ಮಾಡಿಸಿದೆ. ಮಗುವನ್ನು ಸಾಕಿದವಳೆಂದು ಗುತ್ಯಮ್ಮಜ್ಜಿಯನ್ನು ಕೈಹಿಡಿದು ತಂದು ಮೊದಲ ಸಾಲಿನಲ್ಲೇ ಕೂರಿಸಿದರು. ನಾನು ವೇದಿಕೆಯ ಮೇಲೆ ಮಗಳ ಪಕ್ಕ ನಿಂತೆ.

ದಾಕ್ಷಿ ಮೈಕನ್ನು ಪಕ್ಕಕ್ಕೆ ಸರಿಸಿ ಗಟ್ಟಿಯಾಗಿ ಶುರುಮಾಡಿದಳು. ‘ಮಾನ್ಯ ಅಧ್ಯಕ್ಷರೇ, ನನ್ನ ದನಿಯನ್ನು ಉಳಿಸಿಕೊಟ್ಟಿದ್ದೀರಿ. ನಿಮಗೆ ನಾನೂ ನನ್ನ ತಾಯಿಯೂ ಚಿರಋಣಿಗಳು.’ ಚಪ್ಪಾಳೆ ಬಿತ್ತು. ಪಂಚಾಕ್ಷರಪ್ಪ ಜುಬ್ಬ ಸರಿಮಾಡಿಕೊಂಡರು. ಇನ್ನೆರಡು ಸಾಲು ಬಾಕಿಯಿತ್ತು. ಅವಳು ಅದನ್ನು ಹೇಳಲಿಲ್ಲ. ಕೆಳಗೆ ಮೊದಲ ಸಾಲಿನ ಕಡೆ ನೋಡಿ, ಪಾಠದ ದನಿ ಬಿಟ್ಟು, ಮನೆಯಲ್ಲಿ ಮಾತಾಡುವ ಹಾಗೆ ಮಾತಾಡಿದಳು.

‘ಗುತ್ಯಮ್ಮಜ್ಜಿಗೆ ಶುಕ್ರವಾರ ಕಣ್ಣು ಕಾಣ್ತಿತ್ತು. ಈಗ ಯಾವ ವಾರಾನೂ ಕಾಣಲ್ಲ. ಅಜ್ಜಿ ಕರ್ನಲ್ಲು ಹೋಗ್ಬಿಡ್ತು, ಅಜ್ಜಿಗೆ ಯಾರೂ ಹೇಳಿಲ್ಲ. ಮತ್ತೆ ತರಿಸ್ಬೋದು ಅಂತ ಕೊಟ್ರೇಶಿ ಮಾಮ ಹೇಳ್ದ. ಆದ್ರೆ ನಮ್ಮಮ್ಮ...’

ನನ್ನ ಕೈ ಅವಳ ಬಾಯಿಯ ಮೇಲಿತ್ತು. ಯಾವಾಗ ಹೋಯಿತೋ ನನಗೆ ತಿಳಿಯದು. ಇದ್ದಿಲ ಕಾವಿಗೆ ದಡ್ಡುಗಟ್ಟಿದ ಕೈ, ಅವಳ ಪುಟ್ಟ ಮುಖದ ಅರ್ಧ ಅದರಡಿಯಲ್ಲಿ ಮುಚ್ಚಿಹೋಗಿತ್ತು. ಅಂಗೈ ಕೆಳಗೆ ಅವಳ ಮಾತು ಬಿಸಿಯಾಗಿ ಬಡಿಯುತ್ತಿತ್ತು. ಅಧ್ಯಕ್ಷರು ‘ಮಗು, ಪಾಪ, ಮರ್ತುಬಿಟ್ಲು’ ಎಂದು ನಕ್ಕರು, ಊರೂ ನಕ್ಕಿತು. ದಾಕ್ಷಿ ಹಲ್ಲೂರಿ ಕಚ್ಚಿದಳು. ನಾನು ಕೈ ತೆಗೆಯಲಿಲ್ಲ.

ನಗು ನಿಂತ ಮೇಲೆ ಮೊದಲ ಸಾಲಿನಿಂದ ಗುತ್ಯಮ್ಮಜ್ಜಿ ತಲೆ ಎತ್ತಿ, ವೇದಿಕೆ ಇಲ್ಲದ ಕಡೆ ಮುಖಮಾಡಿಕೊಂಡು ಕೇಳಿದಳು:

‘ಯಾಕೆ ಹಾಲಿ, ಮಗು ನಿಲ್ಲಿಸಿಬಿಡ್ತು? ಇವತ್ತು ಮಂಗಳವಾರ ತಾನೇ?’